ಹಕ್ಕಿಗುಡ್ಡದ ತಳದ ನೀರು

ಮನುಷ್ಯನಿಗೆ ಕಿವಿರು ಬಂದ ವರ್ಷ ಕುಸುಮಾ ಮೊಗೇರಳಿಗೆ ನಲವತ್ತೇಳು ತುಂಬಿತ್ತು. ಅದರಲ್ಲಿ ಇಪ್ಪತ್ತಾರು ವರ್ಷ ಅವಳು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಿಗೆ ಇಳಿದು ಹತ್ತಿದವಳು. ಭಟ್ಕಳದ ಆಚೆ, ತೆಂಗಿನಗುಂಡಿಯ ಬಂದರಿನಿಂದ ಒಂದು ತಾಸಿನ ದಾರಿಯಲ್ಲಿ ಹಕ್ಕಿಗುಡ್ಡವೆಂಬ ಬೋಳು ಬಂಡೆಯೊಂದಿದೆ. ಅದರ ಸುತ್ತ ಇದ್ದದ್ದು ಕಡಲ ತೋಟ. ಮೇಲೆ ಹಗ್ಗಗಳ ಮೇಲೆ ಪಾಚಿ, ನಡುನೀರಿನಲ್ಲಿ ಇಳಿಬಿಟ್ಟ ಹಗ್ಗಗಳಿಗೆ ಅಂಟಿಕೊಂಡು ಬೆಳೆಯುವ ನೀಲಿಕಲ್ಲು ಎಂಬ ಚಿಪ್ಪುಮೀನು, ಇವೆಲ್ಲವನ್ನೂ ಹಿಡಿದು ನಿಲ್ಲಿಸಿದ ಲಂಗರು ಸರಪಳಿಗಳು ಇಪ್ಪತ್ತನಾಲ್ಕು ಮೀಟರ್ ಕೆಳಗೆ, ತಳದ ಕೆಸರಿನಲ್ಲಿ. ಆ ಸರಪಳಿಗಳನ್ನು ವರ್ಷವಿಡೀ ನೋಡಿಕೊಳ್ಳಲು ನಲವತ್ತು ಮಂದಿ ಮುಳುಗುಗಾರರಿದ್ದರು. ಅವರೆಲ್ಲರಿಗೂ ನೀರಿಗಿಳಿಯುವ ವಿದ್ಯೆ ಹೇಳಿಕೊಟ್ಟವಳು, ಅದಕ್ಕಿಂತ ಹೆಚ್ಚಾಗಿ ಜೀವಸಹಿತ ಮೇಲೆ ಬರುವ ವಿದ್ಯೆ ಹೇಳಿಕೊಟ್ಟವಳು ಕುಸುಮಾ.

ಕಿವಿರನ್ನು ಮಾಡಿದವನು ಸಫ್ವಾನ್ ಕೋಲಾ. ಭಟ್ಕಳದ ನವಾಯತರ ಮನೆಯ ಹುಡುಗ, ಮೂವತ್ತೆರಡರ ಎಂಜಿನಿಯರು, ಮಾತಾಡುವಾಗ ಕೈ ಸುಮ್ಮನಿರದವನು. ಅವನ ಯಂತ್ರ ನೋಡಲು ಶಾಲೆಯ ಮಕ್ಕಳ ಚೀಲದ ಹಾಗಿತ್ತು. ಒಳಗೆ ಕೂದಲಿಗಿಂತ ತೆಳುವಾದ ಲಕ್ಷಗಟ್ಟಲೆ ಟೊಳ್ಳು ಎಳೆಗಳು. ಒಂದು ಪಂಪು ಕಡಲ ನೀರನ್ನು ಆ ಎಳೆಗಳ ಸುತ್ತ ಹಾಯಿಸುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ಎಳೆಯೊಳಕ್ಕೆ ಜಿನುಗಿ ಬರುತ್ತದೆ, ನಾವು ಬಿಟ್ಟ ಉಸಿರಿನ ಕೆಟ್ಟ ಗಾಳಿ ಅದೇ ದಾರಿಯಲ್ಲಿ ನೀರಿಗೆ ಹೋಗುತ್ತದೆ. ಲೀಟರ್ ನೀರಿನಲ್ಲಿ ಸಿಗುವ ಆಮ್ಲಜನಕ ಒಂದು ಟೀ ಚಮಚದಷ್ಟು. ಹಾಗಾಗಿ ಒಬ್ಬನ ಉಸಿರಿಗೆ ನಿಮಿಷಕ್ಕೆ ಎರಡು ಡ್ರಮ್ಮಿನಷ್ಟು ನೀರು ಹಾಯಬೇಕು. ಆ ಪಂಪಿಗೆ ಸಾಲುವ ಬ್ಯಾಟರಿಯನ್ನು ಅಂಗೈಯಗಲಕ್ಕೆ ಇಳಿಸಲು ಸಫ್ವಾನನಿಗೆ ಎಂಟು ವರ್ಷ ಹಿಡಿದಿತ್ತು. ಈಗ ಸಿಲಿಂಡರಿನ ಮುಳುಗುಗಾರ ಮುಕ್ಕಾಲು ತಾಸಿಗೆ ಮೇಲೆ ಬರಬೇಕಾದಲ್ಲಿ ಕಿವಿರಿನವನು ಊಟದ ಹೊತ್ತಿನವರೆಗೂ ಕೆಳಗೇ ಇರಬಹುದು. ಮುಖ ತುಂಬ ಮುಚ್ಚುವ ಮುಖವಾಡ ಇದ್ದುದರಿಂದ ನೀರೊಳಗೇ ಮಾತನಾಡಬಹುದು. ಗುಳ್ಳೆ ಇಲ್ಲ, ಸದ್ದಿಲ್ಲ.

ಕುಸುಮಾಳಿಗೆ ಅದರ ಮೇಲೆ ದ್ವೇಷವೇನೂ ಇರಲಿಲ್ಲ. ಹದಿನಾಲ್ಕು ಕಿಲೋ ಸಿಲಿಂಡರ್ ಹೊತ್ತು ಅವಳ ಸೊಂಟ ಸವೆದಿತ್ತು, ಹಗುರಾದದ್ದು ಬಂದರೆ ಬೇಡವೆನ್ನಲು ಅವಳೇನು ಮೂರ್ಖಳಲ್ಲ. ಅವಳ ತಕರಾರು ಒಂದೇ. ಕಿವಿರು ಬಂದ ಮೇಲೆ ಅವಳ ಮುಳುಗುಗಾರ ಮಕ್ಕಳು ಸೋಮಾರಿಗಳಾಗುತ್ತಿದ್ದರು. ನೀರಿಗೆ ಇಳಿಯುವ ಮುನ್ನ ಜೊತೆಗಾರನ ಮೈಮೇಲಿನ ಒಂದೊಂದು ಪಟ್ಟಿ, ಒಂದೊಂದು ಗುಂಡಿಯನ್ನು ಕೈಯಿಂದ ಮುಟ್ಟಿ ಬಾಯಿಬಿಟ್ಟು ಹೇಳಬೇಕು ಎಂಬುದು ಅವಳ ಮೊದಲ ಪಾಠ. ಕಣ್ಣು ಸುಳ್ಳು ಹೇಳುತ್ತದೆ, ಕೈ ಹೇಳುವುದಿಲ್ಲ ಎನ್ನುತ್ತಿದ್ದಳು. ಈಗಿನವರು ಹೆಬ್ಬೆರಳೆತ್ತಿ ನಕ್ಕು ನೀರಿಗೆ ಹಾರುತ್ತಿದ್ದರು.

ಅವಳ ಶಿಷ್ಯರಲ್ಲಿ ಪಾಠವನ್ನು ಅಕ್ಷರಶಃ ಪಾಲಿಸುತ್ತಿದ್ದವನು ಯಮನಪ್ಪ ಹಡಪದ. ಬಾಗಲಕೋಟೆ ಕಡೆಯವನು. ಇಪ್ಪತ್ತೈದು ವರ್ಷದವರೆಗೆ ಕಡಲನ್ನೇ ಕಾಣದೆ, ಕೃಷ್ಣೆಯ ಹಿನ್ನೀರಿನಲ್ಲಿ ಈಜಿ ದೊಡ್ಡವನಾದವನು. ಈಜಿನಲ್ಲಿ ಹುಲಿ, ಆದರೆ ನೀರೊಳಗೆ ಮುಖವಾಡ ತೆಗೆಯುವುದೆಂದರೆ ಅವನಿಗೆ ಜೀವ ಹೋದಂತೆ. ಕಡಲ ತೋಟದ ಕೇಂದ್ರದ ಈಜುಕೊಳದಲ್ಲಿ ಕುಸುಮಾ ಅವನಿಂದ ಅದನ್ನೇ ಅರುವತ್ತು ಸಲ ಮಾಡಿಸಿದ್ದಳು. ಅಷ್ಟೇ ಅಲ್ಲ, ಒಂದೇ ಗಾಳಿಕೊಳವೆಯನ್ನು ಇಬ್ಬರು ಹಂಚಿಕೊಂಡು ಉಸಿರಾಡುವ ಹಳೆಯ ವಿದ್ಯೆಯನ್ನೂ ಕಲಿಸಿದ್ದಳು. ಅದನ್ನು ಈಗ ಯಾವ ಶಾಲೆಯಲ್ಲೂ ಕಲಿಸುವುದಿಲ್ಲ, ಪುಸ್ತಕದಿಂದಲೇ ತೆಗೆದುಹಾಕಿದ್ದಾರೆ. ಎರಡು ಉಸಿರು ನೀನು, ಎರಡು ಉಸಿರು ನಾನು. ಕೊಳವೆ ಬಾಯಲ್ಲಿ ಇಲ್ಲದಾಗ ತುಟಿಯಿಂದ ಸಣ್ಣಗೆ ಗುಳ್ಳೆ ಬಿಡುತ್ತಿರಬೇಕು. ಉಸಿರು ಬಿಗಿಹಿಡಿದು ಮೇಲೇರಿದರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ. ಇದನ್ನೆಲ್ಲ ಯಾಕೆ ಕಲಿಯಬೇಕು ಎಂದು ಯಮನಪ್ಪ ಒಮ್ಮೆಯೂ ಕೇಳಲಿಲ್ಲ. ಅಕ್ಕ ಹೇಳಿದ್ದಾಳೆ, ಮುಗಿಯಿತು.

ಸಫ್ವಾನ್ ಮಾತ್ರ ಆ ಪಾಠಕ್ಕೆ ಚಕ್ಕರ್ ಹೊಡೆದಿದ್ದ. ಕಿವಿರು ಇರುವಾಗ ಕೊಳವೆ ಹಂಚಿಕೊಳ್ಳುವ ಕಾಲ ಎಲ್ಲಿ ಬರುತ್ತದೆ ಕುಸುಮಕ್ಕ ಎಂದು ನಗುತ್ತಲೇ ಜಾರಿಕೊಂಡಿದ್ದ. ಅವಳೂ ಬಿಟ್ಟಿದ್ದಳು.

ಚೌತಿ ಕಳೆದು ಎರಡು ವಾರವಾಗಿತ್ತು. ಮಳೆ ಹಿಂದೆ ಸರಿದು ಕಡಲು ತಿಳಿಯಾಗಿತ್ತು. ಕಿವಿರನ್ನು ರಾಜ್ಯದ ಎಲ್ಲ ಕಡಲ ತೋಟಗಳಿಗೂ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಐದು ಜನರ ತಂಡವೊಂದು ಬರುವುದಿತ್ತು. ಅಂದು ಸಫ್ವಾನನೇ ಕಿವಿರು ತೊಟ್ಟು ತಳಕ್ಕಿಳಿದು, ಸರಪಳಿ ಪರೀಕ್ಷಿಸಿ, ಕೆಳಗಿನಿಂದಲೇ ಅವರೊಡನೆ ಮಾತಾಡುವುದೆಂದು ನಿಶ್ಚಯವಾಗಿತ್ತು. ಜೊತೆಗಾರ ಯಮನಪ್ಪ, ಅವನ ಬೆನ್ನಿಗೂ ಕಿವಿರೇ. ಮೇಲುಸ್ತುವಾರಿ ಕುಸುಮಾಳದು.

ಆ ಬೆಳಿಗ್ಗೆ ಅವಳು ದೋಸೆ ಹುಯ್ಯುತ್ತಿದ್ದಾಗ ಅತ್ತೆ ಮಾಸ್ತಮ್ಮ ಹಿತ್ತಲ ಬಾಗಿಲಿನಿಂದ ಬುಟ್ಟಿ ತುಂಬ ಮೀನು ತಂದಿಟ್ಟರು. ಎಪ್ಪತ್ತಾರು ವರ್ಷದ ಮುದುಕಿ. ಮೀನು ಮಾರುವುದು ಬಿಟ್ಟು ಹತ್ತು ವರ್ಷವಾದರೂ ಬೆಳಗಿನ ಜಾವ ದಡಕ್ಕೆ ಹೋಗಿ ಬರದಿದ್ದರೆ ಅವರಿಗೆ ಚಹಾ ಇಳಿಯುತ್ತಿರಲಿಲ್ಲ. ಬುಟ್ಟಿಯಲ್ಲಿ ಚಪ್ಪಟೆಯಾದ ನಂಗು ಮೀನು, ಶೆಟ್ಲಿ ಎಂಬ ಸೀಗಡಿ, ದೊಡ್ಡ ದೊಡ್ಡ ಏಡಿ. ಯಾರ ದೋಣಿ ಬಂತೆಂದು ಕುಸುಮಾ ಕೇಳಿದಳು. ಯಾವ ದೋಣಿಯೂ ಅಲ್ಲ, ತಾವೇ ಕೈಯಿಂದ ಹೆಕ್ಕಿದ್ದು ಎಂದರು ಅತ್ತೆ. ಏಡಿಗಳು ಸಾಲುಗಟ್ಟಿ ಮರಳಿಗೆ ಹತ್ತಿ ಕೂತಿದ್ದವಂತೆ, ನಂಗು ಮೊಣಕಾಲು ನೀರಿನಲ್ಲಿ ಬಾಯಿ ಬಿಡುತ್ತ ತೇಲುತ್ತಿದ್ದವಂತೆ, ಊರಿನ ಹೆಂಗಸರೆಲ್ಲ ಸೆರಗಿನಲ್ಲಿ ತುಂಬಿಕೊಂಡು ಹೋದರಂತೆ. ಕುಸುಮಾಳ ಗಂಡ ಶನಿಯಾರ ಬಂದರಿನಲ್ಲಿ ಮೀನೂಟದ ಹೋಟೆಲು ನಡೆಸುವವನು. ಅವನು ಬುಟ್ಟಿ ನೋಡಿ ಇವತ್ತಿನ ಸಾರಿಗೆ ಚಿಂತೆಯಿಲ್ಲ ಎಂದು ಹಿಗ್ಗಿದ.

ಕುಸುಮಾ ಸೌಟು ಕೆಳಗಿಟ್ಟಳು. ನಂಗು, ಏಡಿ, ಶೆಟ್ಲಿ ಮೂರೂ ತಳದಲ್ಲಿ ಬದುಕುವಂಥವು. ತಳ ಬಿಟ್ಟು ಯಾಕೆ ಬಂದವು ಎಂದು ಅತ್ತೆಯನ್ನು ಕೇಳಿದಳು.

"ಮಳೆ ಹೋದ ಮೇಲೆ ಒಂದೊಂದ್ ವರ್ಷ ಹೀಗೇ ಆಗ್ತದೆ ಮಾರಾಯ್ತಿ," ಎಂದರು ಮಾಸ್ತಮ್ಮ. "ಹೊರಗಿನ ತಣ್ಣೀರು ಅಡಿಯಿಂದ ನುಗ್ತದೆ. ಅದ್ರಲ್ಲಿ ಉಸ್ರಿಲ್ಲ. ನಿಮ್ಮ ಮಾವ ಅದನ್ನ ಸತ್ತನೀರು ಅಂತಿದ್ರು."

ಒಂದು ದೋಸೆ ಕರಿಯಾಯಿತು. ಶನಿಯಾರ ಅದನ್ನೇ ತಿಂದ.

ಬಂದರಿನ ತುದಿಯಲ್ಲಿದ್ದ ನಿಯಂತ್ರಣ ಕೊಠಡಿಗೆ ಅವಳು ನೇರವಾಗಿ ಹೋದಳು. ಕೇಂದ್ರದ ನಿರ್ದೇಶಕಿ ಅನುರಾಧಾ ಹೆಬ್ಳೆ ಆಗಲೇ ಇಸ್ತ್ರಿ ಸೀರೆ ಉಟ್ಟು ಸಿದ್ಧರಾಗಿದ್ದರು. ಗೋಡೆಯ ತುಂಬ ಪರದೆಗಳು: ಅಲೆಯ ಎತ್ತರ, ಗಾಳಿ, ಉಪ್ಪು, ನೀರಿನ ಆಮ್ಲಜನಕ. ಕುಸುಮಾ ಅತ್ತೆಯ ಬುಟ್ಟಿಯ ವಿಷಯ ಹೇಳಿದಳು. ಅಲ್ಲೇ ಇದ್ದ ಸಫ್ವಾನ್ ನಗಲಿಲ್ಲ, ಅದು ಅವನ ಒಳ್ಳೆಯ ಗುಣ. ಕೂಡಲೇ ಅಂಕಿಗಳನ್ನು ತೆರೆದು ತೋರಿಸಿದ. ಮೇಲುನೀರಿನ ಸೆನ್ಸರ್ ಚೆನ್ನಾಗಿದೆ, ಹತ್ತು ಮೀಟರಿನದೂ ಚೆನ್ನಾಗಿದೆ. ತಳದ ಸೆನ್ಸರಿನ ಜಾಗದಲ್ಲಿ ಮಾತ್ರ ಬೂದು ಗೆರೆ. ಅದೇನೆಂದು ಕೇಳಿದಾಗ, ಮೂರು ದಿನದಿಂದ ಅದು ಶೂನ್ಯದ ಹತ್ತಿರ ತೋರಿಸುತ್ತಿದೆ, ಜೂನಿನಲ್ಲೂ ಹಾಗೆಯೇ ತೋರಿಸಿತ್ತು, ಆಗ ತೆಗೆದು ನೋಡಿದರೆ ಚಿಪ್ಪುಹುಳ ಅಂಟಿ ಕೆಟ್ಟಿತ್ತು, ಅದಕ್ಕೇ ಕಂಪ್ಯೂಟರು ತಾನಾಗಿ ಅದನ್ನು ಲೆಕ್ಕದಿಂದ ಬಿಟ್ಟಿದೆ ಎಂದು ವಿವರಿಸಿದ. ಒಂದು ವೇಳೆ ನೀರು ಕೆಟ್ಟಿದ್ದರೂ ಭಯವಿಲ್ಲ, ಆಮ್ಲಜನಕ ಇಳಿದರೆ ಮುಖವಾಡದೊಳಗೆ ಕಣ್ಣೆದುರೇ ಕೆಂಪು ದೀಪ ಹತ್ತುತ್ತದೆ ಎಂದ.

"ದೀಪ ಹತ್ತಿದ್ದು ನೋಡುವವನ ತಲೆ ಸರಿ ಇರಬೇಕಲ್ಲ, ಸಫ್ವಾನ್," ಎಂದಳು ಕುಸುಮಾ.

ಅವಳ ಮಾತಿನಲ್ಲಿ ಹುರುಳಿತ್ತು. ನೀರೊಳಗೆ ಉಸಿರು ಕಟ್ಟಿದರೆ ಎದೆ ಬಡಿದುಕೊಂಡು ಎಚ್ಚರಿಸುತ್ತದೆ. ಆದರೆ ಹಾಗೆ ಎಚ್ಚರಿಸುವುದು ಒಳಗೆ ಸೇರಿದ ಕೆಟ್ಟ ಗಾಳಿಯೇ ಹೊರತು ಆಮ್ಲಜನಕದ ಕೊರತೆಯಲ್ಲ. ಕಿವಿರು ಕೆಟ್ಟ ಗಾಳಿಯನ್ನು ಅಚ್ಚುಕಟ್ಟಾಗಿ ತೆಗೆದುಹಾಕುತ್ತದೆ. ಹಾಗಾಗಿ ಆಮ್ಲಜನಕ ಕಡಿಮೆಯಾದರೆ ಏದುಸಿರಿಲ್ಲ, ಸಂಕಟವಿಲ್ಲ. ಕುಡಿದವನ ಹಾಗೆ ಹಿತವಾಗಿ ಅಮಲೇರಿ, ನಗುನಗುತ್ತ ಕಣ್ಣು ಮುಚ್ಚುತ್ತದೆ.

ಮುಳುಗನ್ನು ನಿಲ್ಲಿಸುವ ಅಧಿಕಾರ ಅವಳಿಗಿತ್ತು. ಆದರೆ ಐದು ಜನ ದೂರದಿಂದ ಬಂದಾಗಿತ್ತು, ಹೆಬ್ಳೆ ಮೇಡಂ ಬೇಡಿಕೊಳ್ಳುವ ದನಿಯಲ್ಲಿ ಮಾತಾಡುತ್ತಿದ್ದರು, ಸಫ್ವಾನನ ಮುಖ ಹಬ್ಬದ ದಿನದ ಮಗುವಿನಂತಿತ್ತು. ಕುಸುಮಾ ಅರ್ಧಕ್ಕೆ ಒಪ್ಪಿದಳು. ತಾನು ಹಳೆಯ ಸಿಲಿಂಡರಿನಲ್ಲೇ ಇಳಿಯುತ್ತೇನೆ. ದೋಣಿಯ ಕೆಳಗೆ ಐದು ಮೀಟರಿನಲ್ಲಿ ಹಗ್ಗಕ್ಕೆ ಇನ್ನೊಂದು ತುಂಬಿದ ಸಿಲಿಂಡರ್ ತೂಗಬೇಕು. ತಳದಲ್ಲಿ ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ಬೇಡ. ಸಿಲಿಂಡರ್ ತೂಗಿದರೆ ನಮಗೇ ನಂಬಿಕೆ ಇಲ್ಲವೆಂದು ಬಂದವರಿಗೆ ಅನ್ನಿಸುತ್ತದೆ ಎಂದು ಮೇಡಂ ಅಳುಕಿದರು. ಅನ್ನಿಸಲಿ ಎಂದಳು ಕುಸುಮಾ.

ಹಕ್ಕಿಗುಡ್ಡದ ಹತ್ತಿರ ದೋಣಿ ನಿಂತಾಗ ಬಿಸಿಲು ಏರಿತ್ತು. ಕುಸುಮಾ ಮೂವರ ಮೈಯನ್ನೂ ಮುಟ್ಟಿ ಮುಟ್ಟಿ ಪರೀಕ್ಷೆ ಮಾಡಿಸಿದಳು. ಯಮನಪ್ಪ ಪ್ರಾಥಮಿಕ ಶಾಲೆಯ ಮಗ್ಗಿಯ ಧಾಟಿಯಲ್ಲಿ ಒಂದೊಂದನ್ನೂ ಕೂಗಿ ಹೇಳಿದಾಗ ಬಂದವರಲ್ಲಿ ಒಬ್ಬರು ನಕ್ಕರು. ಅವನು ನಿಲ್ಲಿಸಲಿಲ್ಲ. ಆಮೇಲೆ ಮೂವರೂ ಹಗ್ಗ ಹಿಡಿದು ಇಳಿದರು.

ಯಮನಪ್ಪನಿಗೆ ಹದಿನೈದು ಮೀಟರಿನಲ್ಲಿ ಕೆಲಸ: ನೀಲಿಕಲ್ಲಿನ ಹಗ್ಗಗಳ ಗಂಟು ನೋಡುವುದು. ಸಫ್ವಾನ್ ತಳಕ್ಕೆ ಹೋದ. ಕುಸುಮಾ ಅವನಿಗಿಂತ ಸ್ವಲ್ಪ ಮೇಲೆ, ಇಬ್ಬರೂ ಕಾಣುವಂತೆ ನಿಂತಳು. ಹದಿನೆಂಟು ಮೀಟರ್ ದಾಟುತ್ತಿದ್ದಂತೆ ಬಾವಿಯ ನೀರಿಗೆ ಬಿದ್ದಂತೆ ಒಮ್ಮೆಲೇ ಥಂಡಿ ಹೊಡೆಯಿತು. ನೀರಿನ ಬಣ್ಣ ಮಜ್ಜಿಗೆಯಂತಾಯಿತು. ಸುತ್ತ ಒಂದು ಮೀನಿರಲಿಲ್ಲ. ಅವಳ ಕಿವಿಯಲ್ಲಿ ಸಣ್ಣ ಸ್ಪೀಕರಿತ್ತು. ಸಫ್ವಾನ್ ಮೇಲಿನವರೊಡನೆ ಆಡುವ ಮಾತು ಕೇಳುತ್ತಿತ್ತು. ಬಾಯಲ್ಲಿ ಕೊಳವೆ ಇದ್ದುದರಿಂದ ಅವಳು ಮಾತಾಡುವಂತಿರಲಿಲ್ಲ. ಸರಪಳಿ ಎಷ್ಟು ಸವೆದಿದೆ, ಎಷ್ಟು ದಪ್ಪವಿದೆ ಎಂದು ಅವನು ನಿಖರವಾಗಿ ಹೇಳುತ್ತಿದ್ದ. ಹತ್ತು ನಿಮಿಷವಾದ ಮೇಲೆ ಹೇಳಿದ್ದನ್ನೇ ಎರಡು ಸಲ ಹೇಳಿದ. ಆಮೇಲೆ ಸರಪಳಿಯ ಮೇಲಿನ ತುಕ್ಕು ಎಷ್ಟು ಚೆಂದ ಇದೆ ಎಂದ.

ಕುಸುಮಾ ತಕ್ಷಣ ಅವನ ಮುಂದೆ ಇಳಿದಳು. ಎಡಗೈಯಿಂದ ಅವನ ಭುಜ ಹಿಡಿದು ಬಲಗೈಯಲ್ಲಿ ಮೂರು ಬೆರಳು ತೋರಿಸಿದಳು. ಇದು ಅವಳ ಹಳೆಯ ಪರೀಕ್ಷೆ: ನಾನು ಎಷ್ಟು ತೋರಿಸುತ್ತೇನೋ ಅದಕ್ಕಿಂತ ಒಂದು ಹೆಚ್ಚು ನೀನು ತೋರಿಸಬೇಕು. ತಲೆ ನೆಟ್ಟಗಿದ್ದವನಿಗೆ ಕ್ಷಣದ ಕೆಲಸ. ಸಫ್ವಾನ್ ಬೆರಳುಗಳನ್ನು ನೋಡಿದ, ಬಹಳ ಹೊತ್ತು ನೋಡಿದ, ಆಮೇಲೆ ಎರಡೂ ಕೈ ಅಗಲಿಸಿ ಹತ್ತೂ ಬೆರಳು ತೋರಿಸಿ ಜೋರಾಗಿ ನಕ್ಕ. ಅವನ ಮುಖವಾಡದ ಗಾಜಿನೊಳಗೆ ಕೆಂಪು ದೀಪ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಅವನ ತುಟಿ ನೇರಳೆಯಾಗಿ ಕಾಣುತ್ತಿತ್ತು. ಕಿವಿಯ ಸ್ಪೀಕರಿನಲ್ಲಿ ಹೆಬ್ಳೆ ಮೇಡಂ ಸಫ್ವಾನ್, ಸಫ್ವಾನ್ ಎಂದು ಕರೆಯುತ್ತಿದ್ದರು. ಎಲ್ಲ ಸರಿ ಇದೆ ಮೇಡಂ, ತುಂಬಾ ಚೆನ್ನಾಗಿದೆ ಎಂದ ಅವನು.

ಹಾಗೇ ಎಳೆದುಕೊಂಡು ಮೇಲೆ ಹೋಗಿಬಿಡೋಣವೆಂದು ಅವಳ ಕೈಕಾಲು ಹೇಳಿದವು. ತಲೆ ಬೇಡವೆಂದಿತು. ಆಳದಲ್ಲಿ ನೀರಿನ ಒತ್ತಡ ಇರುವ ಚೂರುಪಾರು ಆಮ್ಲಜನಕವನ್ನೂ ರಕ್ತಕ್ಕೆ ತಳ್ಳುತ್ತಿರುತ್ತದೆ. ಮೇಲೆ ಹೋದಂತೆ ಆ ಒತ್ತಡ ಇಳಿದು, ಉಳಿದ ಎಚ್ಚರವೂ ಹೋಗುತ್ತದೆ. ಮೊದಲು ಗಾಳಿ, ಆಮೇಲೆ ಏರುವುದು. ಅವಳ ಸಿಲಿಂಡರಿಗೆ ಎರಡು ಕೊಳವೆಗಳಿದ್ದವು, ಒಂದು ತನ್ನ ಬಾಯಿಗೆ, ಇನ್ನೊಂದು ಆಪತ್ತಿಗೆ. ಆಪತ್ತಿನದನ್ನು ಕೈಗೆ ತೆಗೆದುಕೊಂಡು ಸಫ್ವಾನನ ಮುಖವಾಡದ ಕೊಕ್ಕೆಗಳನ್ನು ಬಿಚ್ಚಿದಳು. ಅವನು ಆಟವೆಂದು ತಿಳಿದು ಅವಳ ಕೈ ತಳ್ಳಿದ. ಅವಳು ಅವನ ಗದ್ದವನ್ನು ಮಗುವಿಗೆ ಔಷಧಿ ಕುಡಿಸುವಾಗ ಹಿಡಿಯುವಂತೆ ಹಿಡಿದು, ಕೊಳವೆಯನ್ನು ತುಟಿಗಳ ನಡುವೆ ತುರುಕಿ, ಗುಂಡಿ ಒತ್ತಿ ಗಾಳಿ ನುಗ್ಗಿಸಿದಳು. ಅವನು ಕೆಮ್ಮಿದ, ಉಗುಳಲು ನೋಡಿದ, ಅವಳು ಬಿಡಲಿಲ್ಲ. ನಾಲ್ಕನೆಯ ಉಸಿರಿಗೆ ಅವನ ಕಣ್ಣಲ್ಲಿ ಯಾರೋ ಮನೆಗೆ ಹಿಂದಿರುಗಿದ ಹಾಗಾಯಿತು. ಅವಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡ.

ಅಷ್ಟರಲ್ಲಿ ಪಕ್ಕದಲ್ಲಿ ನೆರಳಾಡಿತು. ಮೇಲಿನಿಂದ ಇಬ್ಬರ ಗದ್ದಲ ನೋಡಿ ಯಮನಪ್ಪ ಸಹಾಯಕ್ಕೆ ಇಳಿದುಬಂದಿದ್ದ. ಅವನ ಮುಖವಾಡದಲ್ಲೂ ಕೆಂಪು ದೀಪ ಆಗತಾನೆ ಹತ್ತಿತ್ತು. ಕುಸುಮಾ ಎರಡು ಬೆರಳು ತೋರಿಸಿದಳು. ಅವನು ಥಟ್ಟನೆ ಮೂರು ತೋರಿಸಿದ. ತಲೆ ಇನ್ನೂ ಸರಿ ಇತ್ತು, ಆದರೆ ಎಷ್ಟು ಹೊತ್ತು? ಆರು ಮೀಟರ್ ಏರಿದರೆ ಒಳ್ಳೆಯ ನೀರು ಸಿಗುತ್ತದೆ, ಕಿವಿರು ಮತ್ತೆ ಉಸಿರು ಕೊಡಬಹುದು. ಕೊಡದಿದ್ದರೆ? ನಡುನೀರಿನಲ್ಲಿ ಇಬ್ಬರನ್ನು ಹೊತ್ತು ಅವಳು ಏನು ಮಾಡಬೇಕು? ಮೂರು ಜನ, ಎರಡು ಕೊಳವೆ. ಅವಳು ತನ್ನ ಬಾಯಿಯ ಕೊಳವೆಯನ್ನು ಮುಟ್ಟಿ ತೋರಿಸಿದಳು, ಅವನ ಮುಖವಾಡದ ಕಡೆ ಬೆರಳು ಮಾಡಿದಳು.

ಯಮನಪ್ಪನ ಕಣ್ಣು ಅಗಲವಾದವು. ಈಜುಕೊಳದಲ್ಲಿ ಅರುವತ್ತು ಸಲವೂ ನಡುಗಿದವನು ಅವನು. ಒಂದು ಕ್ಷಣ ಹಾಗೇ ನಿಂತ. ಆಮೇಲೆ ತಾನೇ ಕೈಯೆತ್ತಿ ಕೊಕ್ಕೆಗಳನ್ನು ಬಿಚ್ಚಿ, ಮುಖವಾಡ ಕಿತ್ತು ಕೊರಳಿಗೆ ಜೋತುಬಿಟ್ಟು, ಉಪ್ಪುನೀರಿನಲ್ಲಿ ಕಣ್ಣು ತೆರೆದೇ ಕುಸುಮಾಳ ಭುಜ ಹಿಡಿದ. ಅವಳು ಎರಡು ಉಸಿರು ಎಳೆದು ಕೊಳವೆ ಕೊಟ್ಟಳು. ಅವನು ಎರಡು ಎಳೆದು ಹಿಂದೆ ಕೊಟ್ಟ. ಒಂದೂ ಹೆಚ್ಚಿಲ್ಲ.

ಹಾಗೆ ಮೂವರೂ ಒಂದೇ ಗೊಂಚಲಾಗಿ ಹಗ್ಗದ ಗುಂಟ ಏರಿದರು. ತಮ್ಮ ಗುಳ್ಳೆಗಳಿಗಿಂತ ಬೇಗ ಏರಬಾರದೆಂಬುದು ನಿಯಮ. ಅಂದು ಆ ಗುಳ್ಳೆಗಳು ಅವಳಿಗೆ ಆಮೆಗಳಂತೆ ಕಂಡವು. ಎರಡು ಉಸಿರು ನನಗೆ, ಎರಡು ನಿನಗೆ. ನಡುವೆ ತುಟಿಯಿಂದ ಸಣ್ಣ ಗುಳ್ಳೆ. ಹದಿನೆಂಟು ಮೀಟರಿನಲ್ಲಿ ನೀರು ಬೆಚ್ಚಗಾಯಿತು. ಹತ್ತರಲ್ಲಿ ಬೆಳಕು ಹಸಿರಾಯಿತು. ಐದರಲ್ಲಿ ಹಗ್ಗಕ್ಕೆ ತೂಗಿದ ಸಿಲಿಂಡರು ಅಲೆಯ ತಾಳಕ್ಕೆ ಮೆಲ್ಲಗೆ ಓಲಾಡುತ್ತಿತ್ತು. ಯಮನಪ್ಪ ಅದರ ಕೊಳವೆಯನ್ನು ಬಾಯಿಗಿಟ್ಟುಕೊಂಡು ಸಿಲಿಂಡರನ್ನು ಎರಡೂ ಕೈಯಿಂದ ಅಪ್ಪಿಕೊಂಡ. ಇನ್ನೇನು ಮೇಲೆ ದೋಣಿಯ ಹೊಟ್ಟೆ ಕಾಣುತ್ತಿತ್ತು, ಆದರೆ ರಕ್ತದಲ್ಲಿ ಕರಗಿದ ಸಾರಜನಕ ನೊರೆಯೇಳದೆ ಹೊರಹೋಗಲು ಅಲ್ಲಿ ಮೂರು ನಿಮಿಷ ನಿಲ್ಲಬೇಕು. ಕುಸುಮಾ ಗಡಿಯಾರ ನೋಡುತ್ತ ಮೂರೂ ನಿಮಿಷ ನಿಲ್ಲಿಸಿದಳು.

ದೋಣಿಯಲ್ಲಿ ಸಫ್ವಾನನನ್ನು ಮಲಗಿಸಿ ಶುದ್ಧ ಆಮ್ಲಜನಕ ಕೊಟ್ಟರು. ಹೆಬ್ಳೆ ಮೇಡಂ ಸೀರೆಯ ಸೆರಗಿನಿಂದ ಅವನ ಮುಖ ಒರೆಸುತ್ತಿದ್ದರು. ಮೂಲೆಯಲ್ಲಿ ಕೂತ ಯಮನಪ್ಪನ ಕಣ್ಣು ಮೆಣಸಿನಕಾಯಿಯಂತೆ ಕೆಂಪಾಗಿತ್ತು.

"ಯಕ್ಕಾ," ಎಂದ ಅವನು, "ಒಂದೀಟು ಸಿಹಿನೀರು ಕೊಡ್ರಿ, ಕಣ್ಣು ತೊಳ್ಕೋತೀನಿ. ನಮ್ಮ ಹೊಳಿ ನೀರು ಇಷ್ಟು ಉರಿತಿದ್ದಿಲ್ಲ ನೋಡ್ರಿ."

ಕುಸುಮಾ ಅವನ ಪಕ್ಕದಲ್ಲೇ ಕೂತು ತಾನೇ ಚೊಂಬಿನಿಂದ ಅವನ ಕಣ್ಣಿಗೆ ನೀರು ಹನಿಸಿದಳು.

ಆಸ್ಪತ್ರೆಯವರು ಸಫ್ವಾನನನ್ನು ಒಂದು ದಿನ ಇಟ್ಟುಕೊಂಡು ಕಳಿಸಿದರು. ತಳದ ಸೆನ್ಸರನ್ನು ಮೇಲೆತ್ತಿ ನೋಡಿದರೆ ಒಂದು ಚಿಪ್ಪೂ ಅಂಟಿರಲಿಲ್ಲ. ಮೂರು ದಿನದಿಂದ ಅದು ನಿಜವನ್ನೇ ಹೇಳುತ್ತಿತ್ತು. ಕುಸುಮಾ ಎರಡು ದಿನ ಕೂತು ವರದಿ ಬರೆದಳು. ಅದರ ಮೊದಲ ಸಾಲು ಅವಳ ತಪ್ಪೇ: ಅನುಮಾನವಿದ್ದೂ ಮುಳುಗನ್ನು ನಿಲ್ಲಿಸಲಿಲ್ಲ, ಪಾಠ ಪೂರೈಸದವನನ್ನು ನೀರಿಗಿಳಿಸಿದೆ. ಹೆಬ್ಳೆ ಮೇಡಂ ಓದಿ, ಇದನ್ನು ಬರೆಯಲೇಬೇಕಾ ಎಂದು ಕೇಳಿದರು. ಬರೆಯದಿದ್ದರೆ ಉಳಿದದ್ದನ್ನು ಯಾರು ನಂಬುತ್ತಾರೆ ಎಂದಳು ಅವಳು. ಮೇಡಂ ಪೆನ್ನು ತೆಗೆದು, ತಾವೂ ಒತ್ತಾಯಿಸಿದ್ದಾಗಿ ಕೆಳಗೆ ಎರಡು ಸಾಲು ಸೇರಿಸಿ ಸಹಿ ಹಾಕಿದರು.

ಪರಿಶೀಲನೆಯ ತಂಡ ಕಿವಿರನ್ನು ಮೂಲೆಗೆ ತಳ್ಳುತ್ತದೆಂದು ಎಲ್ಲರೂ ಎಣಿಸಿದ್ದರು. ಅವರು ಮೂರು ತಿಂಗಳ ಗಡುವು ಕೊಟ್ಟರು. ದೋಷ ಯಂತ್ರದ್ದು ಮಾತ್ರವಲ್ಲ, ಅಭ್ಯಾಸದ್ದು, ಅಭ್ಯಾಸ ತಿದ್ದಬಹುದು ಎಂದು ಅವರ ಪತ್ರದಲ್ಲಿತ್ತು. ಆದರೆ ತಿದ್ದಬೇಕಾದವನೇ ಮನೆಯಿಂದ ಹೊರಬರುತ್ತಿರಲಿಲ್ಲ. ವಾರ ಕಳೆದರೂ ಫೋನು ಎತ್ತಲಿಲ್ಲ. ಒಂದು ಭಾನುವಾರ ಕುಸುಮಾ ಅವನ ಮನೆಗೇ ಹೋದಳು. ಅವನ ತಾಯಿ ಬಿಲ್ಕೀಸ್ ಬಾಗಿಲಲ್ಲೇ ಅವಳ ಎರಡೂ ಕೈ ಹಿಡಿದುಕೊಂಡು ಒಳಗೆ ಕರೆದೊಯ್ದರು. ಶಾವಿಗೆ ಬಿರಿಯಾನಿಯ ಮೂರು ಬಟ್ಟಲು ತಿನ್ನಿಸಿದ ಮೇಲೆಯೇ ಮಗನ ಕೋಣೆ ತೋರಿಸಿದ್ದು.

ಸಫ್ವಾನ್ ಕಿಟಕಿಯ ಹತ್ತಿರ ಕೂತಿದ್ದ. ಕೈಗಳು ಸುಮ್ಮನಿದ್ದವು.

"ಅಲ್ಲಿ ಕೆಳಗೆ ನನಗಾದಷ್ಟು ಖುಷಿ ಯಾವತ್ತೂ ಆಗಿರಲಿಲ್ಲ ಕುಸುಮಕ್ಕ," ಎಂದ. "ಕೆಂಪು ದೀಪ ಹತ್ತಿದ್ದು ಕಂಡಿತ್ತು. ಹಬ್ಬಕ್ಕೆ ಹಚ್ಚಿದ ದೀಪದ ಹಾಗೆ ಚೆಂದ ಕಂಡಿತು. ಅದೇ ನನಗೆ ಭಯ. ಹೀಗೆ ಕೊಲ್ಲುವ ಯಂತ್ರವನ್ನು ನಾನು ಇನ್ನೊಬ್ಬರ ಬೆನ್ನಿಗೆ ಹೇಗೆ ಕಟ್ಟಲಿ?"

ಕುಸುಮಾ ಸಮಾಧಾನದ ಮಾತು ಹುಡುಕಲಿಲ್ಲ. ಸಿಲಿಂಡರೂ ಕೊಲ್ಲುತ್ತದೆ, ತನ್ನ ಜೊತೆಗೆ ಕಲಿತ ಇಬ್ಬರನ್ನು ಕೊಂದಿದೆ ಎಂದು ಹೇಳಿದಳು. ಅವರು ಹೋದ ಮೇಲೆ ಉಳಿದವರು ಕೂತು ಒಂದೊಂದು ನಿಯಮ ಬರೆದರು; ಅವಳು ಮಕ್ಕಳಿಂದ ಬಾಯಿಪಾಠ ಮಾಡಿಸುವ ಪ್ರತಿ ಸಾಲಿನ ಹಿಂದೆ ಯಾರದೋ ಒಂದು ಮುಖವಿದೆ. ನಿನ್ನ ಕಿವಿರಿಗೆ ಇನ್ನೂ ನಿಯಮಗಳು ಹುಟ್ಟಿಲ್ಲ, ಅಷ್ಟೇ. ಅದೃಷ್ಟಕ್ಕೆ ಅವುಗಳನ್ನು ಬರೆಯಲು ನೀನೇ ಬದುಕಿದ್ದೀಯ.

ಏಳುವಾಗ ಹೇಳಿದಳು: "ಸೋಮವಾರ ಬೆಳಿಗ್ಗೆ ಏಳಕ್ಕೆ ಈಜುಕೊಳ. ಟವೆಲ್ ನೀನೇ ತಗೊಂಡು ಬಾ."

ಅವನು ಬಂದ. ಹೊಸದಾಗಿ ಸೇರಿದ ಏಳು ಜನರ ಸಾಲಿನಲ್ಲಿ ಕೊನೆಯವನಾಗಿ ನಿಂತ. ಪಾಠ ಹೇಳಲು ಯಮನಪ್ಪನಿಗೆ ಬಡ್ತಿಯಾಗಿತ್ತು. ಮುಖವಾಡ ತೆಗೆಯುವ ಪಾಠದಲ್ಲಿ ಅವನು ಎಂಜಿನಿಯರ್ ಸಾಹೇಬರಿಗೆ ಒಂದಿನಿತೂ ದಯೆ ತೋರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಸಫ್ವಾನ್ ಫೇಲಾದ, ಎರಡನೆಯದರಲ್ಲೂ ಫೇಲಾದ. ಮೂರನೆಯದರಲ್ಲಿ ಪಾಸಾದಾಗ ಈಜುಕೊಳದ ದಂಡೆಯಲ್ಲಿ ನಿಂತ ಅವನ ತಾಯಿ ಎಲ್ಲರಿಗೂ ಖರ್ಜೂರ ಹಂಚಿದರು.

ಹಗಲು ಈಜುಕೊಳ, ಸಂಜೆ ಪ್ರಯೋಗಶಾಲೆ. ಅವನ ಕೈಗಳು ಮತ್ತೆ ಆಡತೊಡಗಿದವು. ಹೊಸ ಕಿವಿರಿನ ಪಕ್ಕಕ್ಕೆ ನೀರಿನ ಬಾಟಲಿಯಷ್ಟು ದೊಡ್ಡ ಸಿಲಿಂಡರು ಬಂತು. ಆಮ್ಲಜನಕ ಇಳಿದರೆ ಯಂತ್ರ ಈಗ ಬರಿದೇ ದೀಪ ಹಚ್ಚಿ ಮುಳುಗುಗಾರನ ಅಪ್ಪಣೆಗೆ ಕಾಯುವುದಿಲ್ಲ. ಆ ಚಿಕ್ಕ ಸಿಲಿಂಡರಿನ ಬಾಯಿ ತಾನಾಗಿ ತೆರೆದು ಒಳ್ಳೆಯ ಗಾಳಿ ಬಿಡುತ್ತದೆ, ಪಂಪು ನಿಲ್ಲುತ್ತದೆ, ಜೊತೆಗಾರನ ಮುಖವಾಡದಲ್ಲಿ ಗಂಟೆ ಬಾರಿಸುತ್ತದೆ. ಮತ್ತಿನಲ್ಲಿರುವವನಿಗೆ ಹೇಳಿ ಪ್ರಯೋಜನವಿಲ್ಲ, ಪಕ್ಕದವನಿಗೆ ಹೇಳಬೇಕೆಂಬುದು ಸಫ್ವಾನ್ ಕಂಡುಕೊಂಡ ಸತ್ಯ. ನಿಯಂತ್ರಣ ಕೊಠಡಿಯಲ್ಲಿ ಬೂದು ಗೆರೆ ಹೋಯಿತು. ಯಾವ ಸೆನ್ಸರ್ ಎಷ್ಟು ವಿಚಿತ್ರವಾದುದನ್ನು ಹೇಳಿದರೂ ಮನುಷ್ಯರೊಬ್ಬರು ನೋಡಿ ಸಹಿ ಮಾಡದೆ ಅದನ್ನು ಲೆಕ್ಕದಿಂದ ಬಿಡುವಂತಿಲ್ಲ. ಇದಲ್ಲದೆ ಪ್ರತಿದಿನ ಬೆಳಿಗ್ಗೆ ಆರಕ್ಕೆ ಊರಿನ ಆರು ಜನ ಹಿರಿಯ ಹೆಂಗಸರು ದಡದ ಸುದ್ದಿಯನ್ನು ಫೋನಿನಲ್ಲಿ ಹೇಳುವ ಏರ್ಪಾಡಾಯಿತು. ಮಾಸ್ತಮ್ಮ ಆರು ಗಂಟೆಗೆ ಸರಿಯಾಗಿ ನಿರ್ದೇಶಕಿಗೇ ಫೋನು ಮಾಡಿ, ಏಡಿಗಳ ವಿಷಯ ಮುಗಿಸಿದ ಮೇಲೆ ಪಕ್ಕದೂರು ಶಿರಾಲಿಯ ಮದುವೆ, ತಮ್ಮ ಮೊಣಕಾಲು ನೋವು ಎಲ್ಲವನ್ನೂ ವರದಿ ಮಾಡುತ್ತಿದ್ದರು. ಮೇಡಂ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಯಾವುದು ಮುಖ್ಯವೆಂದು ಈಗ ಹೇಗೆ ಹೇಳುವುದು ಎನ್ನುತ್ತಿದ್ದರು.

ಡಿಸೆಂಬರಿನ ಒಂದು ಬೆಳಿಗ್ಗೆ ಅದೇ ದೋಣಿ ಹಕ್ಕಿಗುಡ್ಡದ ಪಕ್ಕ ನಿಂತಿತು. ತಣ್ಣೀರು ಹಿಂದಕ್ಕೆ ಹೋಗಿ ತಿಂಗಳಾಗಿತ್ತು. ತಳದ ಸೆನ್ಸರ್ ಒಳ್ಳೆಯ ಅಂಕಿ ತೋರಿಸುತ್ತಿತ್ತು, ದಡದ ಹೆಂಗಸರೂ ಅದನ್ನೇ ಹೇಳಿದ್ದರು. ಪರಿಶೀಲನೆಯ ತಂಡ ಮರುವಾರ ಬರುವುದಿತ್ತು. ಅದಕ್ಕೆ ಮೊದಲು ಹೊಸ ಕಿವಿರನ್ನು ತಳಕ್ಕೆ ಒಯ್ಯುವವರು ಯಾರೆಂದು ಚರ್ಚೆಯಾದಾಗ ಕುಸುಮಾ ತಾನೇ ಎಂದಿದ್ದಳು. ಸಫ್ವಾನ್ ಹಳೆಯ ಸಿಲಿಂಡರ್ ಹೊತ್ತು ಅವಳ ಜೊತೆಗಾರನಾದ. ಅವನು ಅವಳ ಮೈಮೇಲಿನ ಒಂದೊಂದು ಪಟ್ಟಿಯನ್ನೂ ಮುಟ್ಟಿ, ಮುಟ್ಟಿದ್ದನ್ನು ಬಾಯಿಬಿಟ್ಟು ಹೇಳಿ, ಒಂದು ಕೊಕ್ಕೆಯನ್ನು ಅನುಮಾನದಿಂದ ಎರಡು ಸಲ ಎಳೆದು ನೋಡಿದ. ಅವಳು ಸುಮ್ಮನೆ ನಿಂತು ಕೊಟ್ಟಳು.

ಇಳಿಯುತ್ತ ಹೋದಂತೆ ಅವಳಿಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು, ತನ್ನ ಗುಳ್ಳೆಗಳ ಗಳಗಳ ಸದ್ದಿಲ್ಲ. ಜೊತೆಗಾರನಿಗೆ ಕೈಸನ್ನೆ ಮಾಡಿ ಹಗ್ಗದ ಇನ್ನೊಂದು ಮಗ್ಗುಲಿಗೆ ಸರಿಸಿದಳು, ಕಣ್ಣಿಗೆ ಕಾಣುವಷ್ಟು ಹತ್ತಿರ, ಅವನ ಗುಳ್ಳೆ ಕೇಳದಷ್ಟು ದೂರ. ತಳ ಮುಟ್ಟಿ ಸರಪಳಿಯ ಪಕ್ಕ ಮೊಣಕಾಲೂರಿ ಕೂತಳು.

ಮೊದಲು ಒಲೆಯಲ್ಲಿ ಸೌದೆ ಚಟಪಟ ಎನ್ನುವಂಥ ಸದ್ದು ನಾಲ್ಕೂ ಕಡೆಯಿಂದ ಬಂತು; ಕಲ್ಲುಸಂದಿಯ ಶೆಟ್ಲಿಗಳು ಇಕ್ಕುಳದಂಥ ಕೊಂಬು ಬಡಿಯುತ್ತಿದ್ದವು. ಆಮೇಲೆ ದೂರದಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ ಟಕ್ ಟಕ್. ಎಲ್ಲೋ ಒಂದು ಮೀನು ಗೊರಗೊರ ಎಂದಿತು, ಇನ್ನೊಂದು ಉತ್ತರ ಕೊಟ್ಟಿತು. ಗುಳ್ಳೆಗೆ ಹೆದರಿ ಯಾವಾಗಲೂ ಮಾರು ದೂರ ಸರಿಯುತ್ತಿದ್ದ ಮೀನಿನ ಗುಂಪೊಂದು ಈ ಸಲ ಸರಿಯಲಿಲ್ಲ. ನೇರವಾಗಿ ಬಂದು ಅವಳ ಮುಖವಾಡದ ಗಾಜಿನೆದುರು ನಿಂತು, ಇವಳ್ಯಾರು ಎನ್ನುವಂತೆ ನೋಡಿತು. ಇಪ್ಪತ್ತಾರು ವರ್ಷ ಅವಳು ಈ ಕಡಲೊಳಗೆ ಬಂದುಹೋಗಿದ್ದಳು. ಇದು ಇಷ್ಟು ಮಾತಾಡುತ್ತದೆಂದು ಯಾರೂ ಹೇಳಿರಲಿಲ್ಲ.

ಮುಖವಾಡದ ಸ್ಪೀಕರಿನಲ್ಲಿ ಹೆಬ್ಳೆ ಮೇಡಂ ಕರೆದರು. ಎಲ್ಲ ಸರಿ ಇದೆಯೇ, ಏನಾದರೂ ಹೇಳಿ ಎಂದು ಕೇಳಿದರು.

ಕುಸುಮಾ ಮೊದಲು ಅಂಕಿಗಳನ್ನು ಓದಿ ಹೇಳಿದಳು: ಆಳ ಇಪ್ಪತ್ತನಾಲ್ಕು, ಆಮ್ಲಜನಕ ಸರಿ, ಚಿಕ್ಕ ಸಿಲಿಂಡರ್ ಪೂರ್ತಿ. ಸಫ್ವಾನ್ ಅಷ್ಟು ದೂರದಿಂದ ನಾಲ್ಕು ಬೆರಳು ತೋರಿಸಿದ. ಅವಳು ಐದು ತೋರಿಸಿದಳು. ಆಮೇಲೆ ಮೇಡಂ ಮತ್ತೆ ಏನೋ ಕೇಳಲು ಹೊರಟರು.

"ಸ್ವಲ್ಪ ಹೊತ್ತು ಮಾತಾಡಬೇಡಿ ಮೇಡಂ," ಎಂದಳು ಕುಸುಮಾ. "ಕೇಳಿಸ್ಕೊಳ್ತಾ ಇದ್ದೇನೆ."